ಪೇಟೆಯೊಳಗೆ ದಂಡು: 1897ರ ಪುಣೆ, ಪ್ಲೇಗು ಮತ್ತು ಮನೆ ಬಾಗಿಲು

ಇದು ಈ ಸಲದ ಮಾತಿನ ಬರಹರೂಪ. ಆಡಿದ್ದನ್ನ ಅಲ್ಲಲ್ಲಿ ತಿದ್ದಿದ್ದೀನಿ. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಬೆಂಗಳೂರು, ಹುಬ್ಬಳ್ಳಿ ಭಾಗವನ್ನ ಇಲ್ಲಿ ಸೇರಿಸಿದ್ದೀನಿ.

ಪುಣೆಯಲ್ಲಿ ಇರೋರಿಗೆ ಚಿಂಚವಾಡದ ಚಾಪೇಕರ್ ಚೌಕ ಗೊತ್ತೇ ಇರುತ್ತೆ. ಅಲ್ಲಿ ಪ್ರತಿಮೆಗಳಿವೆ, ಕೆಳಗೆ ಟ್ರಾಫಿಕ್ ಇದೆ, ನಾವು ಹಾರ್ನ್ ಹೊಡ್ಕೊಂಡು ಮುಂದೆ ಹೋಗ್ತೀವಿ. ಹಾಗೇ ಔಂಧ್, ಬಾಣೇರ್ ಕಡೆಗೆ ದಿನಾ ಓಡಾಡೋರು ಗಣೇಶಖಿಂಡ್ ರಸ್ತೆಯಲ್ಲಿ ಯೂನಿವರ್ಸಿಟಿ ಸರ್ಕಲ್ ದಾಟೋಕೆ ಕಾಯ್ತಾ ನಿಂತಿರ್ತಾರೆ. ಇವೆರಡು ಜಾಗಕ್ಕೂ ಸಂಬಂಧ ಇದೆ. ಚಿಂಚವಾಡದಿಂದ ಬಂದ ಅಣ್ಣತಮ್ಮಂದಿರು ಗಣೇಶಖಿಂಡ್ ರಸ್ತೆಯಲ್ಲಿ ಇಬ್ಬರು ಇಂಗ್ಲಿಷ್ ಅಧಿಕಾರಿಗಳಿಗೆ ಗುಂಡು ಹೊಡೆದರು. ಶಾಲೆಯ ಪುಸ್ತಕದಲ್ಲಿ ಇದು ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಬರುತ್ತೆ, ಸರಿಯಾಗೇ ಬರುತ್ತೆ. ನಾನು ಇವತ್ತು ಅದನ್ನ ಬೇರೆ ಕಡೆಯಿಂದ ನೋಡ್ತೀನಿ. ಒಂದು ಸಾಂಕ್ರಾಮಿಕ ರೋಗ, ಅದನ್ನ ತಡೆಯೋಕೆ ನಾಗರಿಕ ಆಡಳಿತ ಮತ್ತು ಸೈನ್ಯ ಸೇರಿ ಮಾಡಿದ ಒಂದು ವ್ಯವಸ್ಥೆ, ಆ ವ್ಯವಸ್ಥೆ ಎಲ್ಲಿ ಮುರಿದುಬಿತ್ತು ಅನ್ನೋ ಕಥೆಯಾಗಿ.

ಯಾಕೆ ಈಗ ಅಂತ ಕೇಳಬಹುದು. 2021ರ ಏಪ್ರಿಲ್ ನೆನಪಿದೆ ಅಲ್ವಾ? ಆಕ್ಸಿಜನ್ ಸಿಲಿಂಡರ್‌ಗೆ, ಬೆಡ್‌ಗೆ ನಾವೆಲ್ಲ ಫೋನ್ ಹಿಡ್ಕೊಂಡು ರಾತ್ರಿ ಕಳೆದ ದಿನಗಳು. ಆಗ ನಮ್ಮ ಕನ್ನಡ ಗುಂಪುಗಳಲ್ಲಿ ದಿನಕ್ಕೆ ನಾಲ್ಕು ಸಲ ಬರ್ತಿದ್ದ ಮಾತು ಒಂದಿತ್ತು: "ಎಲ್ಲಾ ಮಿಲಿಟರಿ ಕೈಗೆ ಕೊಟ್ಟುಬಿಡಬೇಕು ರೀ, ಎರಡೇ ದಿನದಲ್ಲಿ ಸರಿ ಮಾಡ್ತಾರೆ." ಹತಾಶೆಯಿಂದ ಬಂದ ಮಾತು, ಅರ್ಥವಾಗುತ್ತೆ. ಈಗಲೂ ಪ್ರವಾಹ ಬಂದರೆ, ಡೆಂಗಿ ಹೆಚ್ಚಾದರೆ ಅದೇ ಮಾತು ಮತ್ತೆ ಬರುತ್ತೆ. ಆದರೆ ಇದು ಯಾರೂ ಮಾಡದ ಪ್ರಯೋಗ ಏನಲ್ಲ. ಒಂದು ಸಲ ನಿಜವಾಗಿಯೂ ಮಾಡಿದ್ದಾರೆ, ನಾವು ಬಾಡಿಗೆ ಕಟ್ಟಿಕೊಂಡು ಇರೋ ಇದೇ ಊರಲ್ಲಿ.

ಶುರುವಾಗಿದ್ದು ಮುಂಬೈನಲ್ಲಿ. 1896ರ ಸೆಪ್ಟೆಂಬರ್‌ನಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಎಂಬ ಗೋವಾ ಮೂಲದ ವೈದ್ಯರು ತಮ್ಮ ರೋಗಿಗಳಲ್ಲಿ ಕಾಣ್ತಿರೋದು ಗಡ್ಡೆ ಪ್ಲೇಗು ಅಂತ ಗುರುತಿಸಿದರು. ಎರಡು ವರ್ಷದ ಹಿಂದೆ, 1894ರಲ್ಲಿ, ಇದೇ ರೋಗ ಹಾಂಗ್‌ಕಾಂಗ್‌ನಲ್ಲಿ ಹಾಹಾಕಾರ ಎಬ್ಬಿಸಿತ್ತು. ಅಲ್ಲೇ ಯೆರ್ಸಿನ್ ಅದರ ರೋಗಾಣುವನ್ನ ಪತ್ತೆ ಮಾಡಿದ್ದ. ಮುಂಬೈ ನಗರಪಾಲಿಕೆ ಅಕ್ಟೋಬರ್‌ನಲ್ಲೇ ಆದೇಶ ಹೊರಡಿಸಿತು: ರೋಗ ಬಂದವರನ್ನ ಒಪ್ಪಲಿ ಬಿಡಲಿ ಆಸ್ಪತ್ರೆಗೆ ಒಯ್ಯಬಹುದು. ಆ ತಿಂಗಳ ಕೊನೆಗೆ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು. ಆಸ್ಪತ್ರೆಗೆ ಹೋದವರು ವಾಪಸ್ ಬರಲ್ಲ ಅನ್ನೋದು ಜನರ ಅನುಭವ. ಅದರ ಮೇಲೆ ಏನೇನೋ ಗಾಳಿಸುದ್ದಿ. ಅಂದಹಾಗೆ ಆ ಆಸ್ಪತ್ರೆ ಇವತ್ತಿನ ಕಸ್ತೂರ್ಬಾ ಆಸ್ಪತ್ರೆ. ಮುಂಬೈನಲ್ಲಿ ಇರೋರಿಗೆ 2020ರ ಮಾರ್ಚ್‌ನಲ್ಲಿ ಆ ಹೆಸರು ದಿನಾ ಟಿವಿಯಲ್ಲಿ ಕೇಳಿ ನೆನಪಿರಬಹುದು.

1897ರ ಫೆಬ್ರವರಿ 4ಕ್ಕೆ ಎಪಿಡೆಮಿಕ್ ಡಿಸೀಸಸ್ ಆಕ್ಟ್ ಜಾರಿಗೆ ಬಂತು. ಇದನ್ನ ಒಂದು ಸಲ ಓದಿ ನೋಡಿ, ಐದು ನಿಮಿಷ ಸಾಕು. ಇದ್ದದ್ದು ನಾಲ್ಕೇ ನಾಲ್ಕು ಕಲಮು. ಅಪಾಯಕಾರಿ ರೋಗ ಹರಡಿದರೆ ಸರ್ಕಾರ ತನಗೆ ಬೇಕೆನಿಸಿದ ಯಾವ ಕ್ರಮ ಬೇಕಾದರೂ ತೆಗೆದುಕೊಳ್ಳಬಹುದು. ಪಾಲಿಸದವರಿಗೆ ದಂಡಸಂಹಿತೆಯ 188ರಡಿ ಶಿಕ್ಷೆ. ನಾಲ್ಕನೆಯ ಕಲಮು ಏನು ಹೇಳುತ್ತೆ ಗೊತ್ತಾ? ಈ ಕಾಯ್ದೆಯಡಿ ಸದುದ್ದೇಶದಿಂದ ಕೆಲಸ ಮಾಡಿದ ಯಾರ ಮೇಲೂ ದಾವೆ ಹೂಡೋ ಹಾಗಿಲ್ಲ. ಅಧಿಕಾರಿ ಏನು ಮಾಡಬಹುದು ಅನ್ನೋದಕ್ಕೆ ಮಿತಿ ಇಲ್ಲ, ಮಾಡಿದ್ದು ತಪ್ಪಾದರೆ ಕೇಳೋ ದಾರಿಯೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ರೂಟ್ ಆಕ್ಸೆಸ್ ಕೊಟ್ಟು ಲಾಗ್ ಆಫ್ ಮಾಡಿದ ಹಾಗೆ. 123 ವರ್ಷ ಆದಮೇಲೆ, 2020ರ ಮಾರ್ಚ್‌ನಲ್ಲಿ, ರಾಜ್ಯಗಳು ಕೋವಿಡ್‌ಗೆ ಬಳಸಿದ್ದು ಇದೇ ಕಾಯ್ದೆಯನ್ನ.

ಮುಂಬೈನಲ್ಲಿ ಮಾರ್ಚ್ ತಿಂಗಳಲ್ಲಿ ಪ್ಲೇಗ್ ಸಮಿತಿ ಒಂದನ್ನ ರಚಿಸಿ ಬ್ರಿಗೇಡಿಯರ್ ಜನರಲ್ ಗ್ಯಾಟಕರ್ ಅವರನ್ನ ಅಧ್ಯಕ್ಷರನ್ನಾಗಿ ಮಾಡಿದರು. ಸೈನ್ಯದ ಮನುಷ್ಯ, ಜೊತೆಗೆ ನಗರಪಾಲಿಕೆ ಆಯುಕ್ತ ಸ್ನೋ, ಒಬ್ಬ ಸರ್ಜನ್, ಒಬ್ಬ ಇಂಜಿನಿಯರ್. ತನ್ನ ಸೈನಿಕರನ್ನೇ ಬಿಸಿಲಲ್ಲಿ ಓಡಿಸಿ ಓಡಿಸಿ ಅವರಿಂದ "ಬ್ಯಾಕೇಕರ್", ಅಂದ್ರೆ ಬೆನ್ನು ಮುರಿಯೋನು, ಅಂತ ಅಡ್ಡಹೆಸರು ಪಡೆದಿದ್ದ ಜನರಲ್ ಇವನು. ಆದರೂ ಇವನು ಒಂದು ಬುದ್ಧಿವಂತ ಕೆಲಸ ಮಾಡಿದ. ಒಂದೊಂದು ಸಮುದಾಯದ ಮುಖಂಡರನ್ನೂ ಕೂರಿಸಿಕೊಂಡು ಮಾತಾಡಿದ. ಬೇರೆ ಬೇರೆ ಜಾತಿ, ಧರ್ಮದವರು ತಮ್ಮದೇ ಖರ್ಚಲ್ಲಿ ತಮ್ಮದೇ ಪ್ಲೇಗ್ ಆಸ್ಪತ್ರೆ ಕಟ್ಟಿಕೊಳ್ಳೋಕೆ ಬಿಟ್ಟ. ಜಾತಿಗೊಂದು ಆಸ್ಪತ್ರೆ ಅನ್ನೋದು ಇವತ್ತಿನ ನನ್ನ ನಿಮ್ಮ ಕಣ್ಣಿಗೆ ಸರಿ ಕಾಣಲ್ಲ, ನಿಜ. ಆದರೆ ಆಸ್ಪತ್ರೆ ಅಂದ್ರೆ ಸಾಯೋ ಜಾಗ ಅಂತ ಹೆದರಿದ್ದ ಜನ ತಾವಾಗೇ ಒಳಗೆ ಬರೋಕೆ ಶುರು ಮಾಡಿದ್ದು ಇದರಿಂದ. ಗ್ಯಾಟಕರ್ ಕಾಲದಲ್ಲಿ ಎಲ್ಲಾ ಚೆನ್ನಾಗಿತ್ತು ಅಂತಲ್ಲ, ಅವನ ಕಾಲದಲ್ಲೂ ಸೈನಿಕರು ಮನೆ ಮನೆ ಶೋಧ ಮಾಡಿದರು. ಆತ ಹೋದಮೇಲೆ 1898ರ ಮಾರ್ಚ್‌ನಲ್ಲಿ ಮುಸ್ಲಿಂ ನೇಕಾರರ ಕೇರಿಯಲ್ಲಿ ಒಬ್ಬ ಹುಡುಗಿಯನ್ನ ಆಸ್ಪತ್ರೆಗೆ ಒಯ್ಯೋಕೆ ಹೋಗಿ ಮುಂಬೈನಲ್ಲಿ ದೊಡ್ಡ ಗಲಭೆಯೇ ಆಯ್ತು, ಗೋಲಿಬಾರ್ ಆಯ್ತು.

ಈಗ ಪುಣೆಗೆ ಬರೋಣ. ಆಗಿನ ಪುಣೆ ಎರಡು ಊರು. ಒಂದು ಪೇಠೆಗಳ ಪುಣೆ: ಕಸಬಾ, ಬುಧವಾರ, ಶನಿವಾರ, ಸದಾಶಿವ. ಇನ್ನೊಂದು ಕ್ಯಾಂಪು, ಸೈನ್ಯದ ಊರು. ನಮ್ಮ ಹಳೇ ಬೆಂಗಳೂರಿನಲ್ಲಿ ಪೇಟೆ ಮತ್ತು ದಂಡು ಅಂತಿದ್ವಲ್ಲ, ಹಾಗೇ. ದಂಡು ಅಂದ್ರೆ ಸೈನ್ಯ, ಸೈನ್ಯ ಇರೋ ಜಾಗವೂ ದಂಡೇ. ಪೇಟೆಯವರು ಕೆಲಸ ಇದ್ದಾಗ ದಂಡಿಗೆ ಹೋಗೋರು, ದಂಡು ಪೇಟೆಯ ಮನೆಯೊಳಗೆ ಬರ್ತಿರಲಿಲ್ಲ. 1897ರಲ್ಲಿ ಬಂತು.

ಫೆಬ್ರವರಿ 17ಕ್ಕೆ ವಾಲ್ಟರ್ ಚಾರ್ಲ್ಸ್ ರ್‍ಯಾಂಡ್ ಎಂಬ ಐಸಿಎಸ್ ಅಧಿಕಾರಿ ಸಾತಾರಾದಿಂದ ಪುಣೆಗೆ ಬಂದ. ವಿಶೇಷ ಪ್ಲೇಗ್ ಸಮಿತಿಯಲ್ಲಿ ಮೂವರು: ಅಧ್ಯಕ್ಷ ರ್‍ಯಾಂಡ್, ಸೈನ್ಯದ ಕರ್ನಲ್ ಫಿಲಿಪ್ಸ್, ಸೈನ್ಯದ್ದೇ ವೈದ್ಯ ಸರ್ಜನ್ ಕ್ಯಾಪ್ಟನ್ ಬೆವೆರಿಡ್ಜ್. ಈ ಮೂರನೆಯವನನ್ನ ಗಮನಿಸಿ. ಬೆವೆರಿಡ್ಜ್ ಹಾಂಗ್‌ಕಾಂಗ್‌ನ ಪ್ಲೇಗಿನಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿ 1894ರಲ್ಲಿ ಶ್ರಾಪ್‌ಷೈರ್ ಪಡೆಯ ಸೈನಿಕರು ಚೀನೀ ಬಡವರ ಕೇರಿಗಳಿಗೆ ನುಗ್ಗಿ, ರೋಗಿಗಳನ್ನ ಎತ್ತಿಕೊಂಡು ಹೋಗಿ, ಸಾಮಾನು ಸುಟ್ಟು, ಗೋಡೆಗೆ ಸುಣ್ಣ ಬಳಿದಿದ್ದರು. ಸುಣ್ಣದ ದಂಡು ಅಂತಲೇ ಅವರಿಗೆ ಹೆಸರು ಬಿದ್ದಿತ್ತು. ಅವರಲ್ಲಿ ಕೆಲವರಿಗೆ ರೋಗ ತಗುಲಿ, ಒಬ್ಬ ಕ್ಯಾಪ್ಟನ್ ಸತ್ತೂ ಹೋದ. ಅಲ್ಲಿ ಬಳಸಿದ ಅದೇ ವಿಧಾನ ಇಲ್ಲಿಗೂ ಬಂತು. ಒಂದು ಕ್ಲೈಂಟ್‌ಗೆ ಮಾಡಿದ ಕಾನ್ಫಿಗರೇಷನ್ ಫೈಲನ್ನ ಇನ್ನೊಂದು ಕ್ಲೈಂಟ್‌ಗೆ ಹಾಗೇ ಹಾಕಿದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮಾರ್ಚ್ 13ಕ್ಕೆ ಕಾರ್ಯಾಚರಣೆ ಶುರು, ಮೇ 19ಕ್ಕೆ ಮುಕ್ತಾಯ. ಸೈನಿಕರು, ಸೈನ್ಯದ ಅಧೀನದಲ್ಲಿದ್ದವರು ಎಲ್ಲಾ ಸೇರಿ 893 ಜನ ಪ್ಲೇಗ್ ಕೆಲಸಕ್ಕೆ. ಡರ್ಹಮ್ ಲೈಟ್ ಇನ್‌ಫೆಂಟ್ರಿಯ ಗೋರಾ ಸೈನಿಕರು ಮುಂಚೂಣಿಯಲ್ಲಿ. ಬೆಳಿಗ್ಗೆ ಒಂದು ಪೇಠೆಯನ್ನ ಸುತ್ತುವರಿಯೋದು, ಸಣ್ಣ ಸಣ್ಣ ತಂಡಗಳಾಗಿ ಮನೆ ಮನೆ ನುಗ್ಗೋದು. ಜ್ವರ ಇದ್ದವರು, ಕಂಕುಳಲ್ಲೋ ತೊಡೆಸಂದಿನಲ್ಲೋ ಗಡ್ಡೆ ಇದ್ದವರು ಆಸ್ಪತ್ರೆಗೆ. ಅವರ ಮನೆಯವರು ಪ್ರತ್ಯೇಕ ಶಿಬಿರಕ್ಕೆ. ಸೋಂಕಿದೆ ಅಂತ ಅನುಮಾನ ಬಂದ ಹಾಸಿಗೆ ಬಟ್ಟೆ ಬೆಂಕಿಗೆ. ನೆಲ ಅಗೆದು, ಔಷಧಿ ಹೊಡೆದು, ಸುಣ್ಣ. ಸತ್ತವರನ್ನ ನೋಂದಾಯಿಸದೆ ಸಂಸ್ಕಾರ ಮಾಡೋ ಹಾಗಿಲ್ಲ.

ಕಾಗದದ ಮೇಲೆ ನೋಡಿದರೆ ಇದು ಕ್ರೂರವಾದ ಯೋಜನೆ ಅಂತ ಅನಿಸಲ್ಲ, ಅದೇ ನನಗೆ ಕಾಡೋ ವಿಷಯ. ಹೆಂಗಸರ ಮರ್ಯಾದೆಗೆ, ಜನರ ಧರ್ಮಾಚರಣೆಗೆ ಧಕ್ಕೆ ಆಗಬಾರದು ಅಂತ ಸೂಚನೆಗಳಿದ್ದವು. ತಂಡದ ಜೊತೆ ಊರಿನ ಗಣ್ಯರು ಇರಬಹುದು ಅಂತಲೂ ಇತ್ತು. ಆದರೆ ಆದೇಶ ಬರೆದವನು ಬಾಗಿಲ ಹತ್ತಿರ ನಿಂತಿರಲಿಲ್ಲ. ಅಲ್ಲಿ ನಿಂತಿದ್ದದ್ದು ಮರಾಠಿಯ ಒಂದಕ್ಷರ ಬಾರದ, ದೇವರಮನೆ ಯಾವುದು ಅಡುಗೆಮನೆ ಯಾವುದು ತಿಳಿಯದ, ಬೂಟು ಹಾಕಿಕೊಂಡ ಇಪ್ಪತ್ತು ವರ್ಷದ ಹುಡುಗ. ಅವನಿಗೆ ಕೊಟ್ಟ ತರಬೇತಿ ಯುದ್ಧದ್ದು. ಎದುರಿಗೆ ಇರೋದು ಬಾಣಂತಿ, ಮುದುಕಿ, ಜ್ವರದ ಮಗು. ಬೀದಿಯಲ್ಲಿ ನಿಲ್ಲಿಸಿ ಹೆಂಗಸರ ಮೈ ಪರೀಕ್ಷೆ ಮಾಡಿದರು, ದೇವರ ಮೂರ್ತಿ ಮುಟ್ಟಿದರು, ಒಡವೆ ಕಾಸು ಹೋಯಿತು ಅನ್ನೋ ದೂರುಗಳು ಎಲ್ಲಾ ಪೇಠೆಗಳಿಂದ ಬಂದವು.

ಇದೆಲ್ಲ ಸುಧಾರಣೆ ಬೇಡದ ಮಡಿವಂತರ ಗೊಣಗಾಟ ಅಂತ ಆಗಿನ ಅಧಿಕಾರಿಗಳು ತಳ್ಳಿಹಾಕಿದರು. ಈಗಲೂ ಕೆಲವರು ಹಾಗೆ ಬರೀತಾರೆ. ಹಾಗಿದ್ದರೆ ಪಂಡಿತಾ ರಮಾಬಾಯಿ ಅವರ ದೂರನ್ನ ಏನು ಮಾಡೋಣ? ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, ಕಾರ್ಕಳ ಸೀಮೆಯ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ಆ ಹೊತ್ತಿಗೆ ಕ್ರೈಸ್ತರಾಗಿದ್ದರು, ಪುಣೆಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ನಡೆಸ್ತಿದ್ದರು, ಮಡಿವಂತರ ಪಾಲಿಗೆ ಬದ್ಧವೈರಿ. ಅಂಥವರು 1897ರಲ್ಲಿ ಪತ್ರಿಕೆಗೆ ಪತ್ರ ಬರೆದು, ತಮ್ಮ ಆಶ್ರಯದಲ್ಲಿದ್ದ ಒಬ್ಬ ಹುಡುಗಿ ಪ್ಲೇಗ್ ಶಿಬಿರಕ್ಕೆ ಹೋಗಿ ವಾಪಸ್ ಬರಲಿಲ್ಲ, ಅಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ ಅಂತ ಬಹಿರಂಗವಾಗಿ ಹೇಳಿದರು. ಸರ್ಕಾರ ಅವರ ಮಾತು ಸುಳ್ಳು, ದಾರಿ ತಪ್ಪಿಸುವಂಥದ್ದು ಅಂತ ಉತ್ತರ ಕೊಟ್ಟಿತು. ಲಂಡನ್ನಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆ ಪುಣೆಯ ಗೆಳೆಯರ ಪತ್ರಗಳನ್ನ ನಂಬಿ, ಸೈನಿಕರಿಂದ ಹೆಂಗಸರ ಮೇಲೆ ಅತ್ಯಾಚಾರ ಆಗಿದೆ ಅಂತ ಅಲ್ಲಿನ ಪತ್ರಿಕೆಗೆ ಹೇಳಿದರು. ಊರಿಗೆ ಬಂದು ಸಾಕ್ಷಿ ಕೇಳಿದರೆ ಯಾರೂ ಹೆಸರು ಹೇಳೋಕೆ ತಯಾರಿಲ್ಲ. ಗೋಖಲೆ ಬೇಷರತ್ ಕ್ಷಮೆ ಕೇಳಬೇಕಾಯ್ತು. ಆ ಕಳಂಕ ಅವರನ್ನ ವರ್ಷಗಟ್ಟಲೆ ಬಿಡಲಿಲ್ಲ. ಇನ್ನು ಶೋಧ ತಂಡಗಳ ಜೊತೆ ಓಡಾಡಿ, ಕಂಡದ್ದನ್ನ ಅಧಿಕಾರಿಗಳಿಗೆ ದೂರಿದವರಲ್ಲಿ ನಾತು ಸೋದರರು ಮುಖ್ಯರು, ಸರದಾರ ಮನೆತನದವರು. ಜುಲೈ ತಿಂಗಳಲ್ಲಿ ಅವರನ್ನೇ 1827ರ ಹಳೇ ರೆಗ್ಯುಲೇಷನ್ ಒಂದರಡಿ ವಿಚಾರಣೆ ಇಲ್ಲದೆ ಹಿಡಿದು ಇಟ್ಟರು.

ಇಲ್ಲಿ ಸ್ವಲ್ಪ ನಿಲ್ಲಿ. ದೂರು ಹೇಳೋಕೆ ಇದ್ದ ದಾರಿಗಳನ್ನ ಎಣಿಸಿ ನೋಡಿ. ಕೋರ್ಟಿಗೆ ಹೋಗೋ ದಾರಿ ಕಾಯ್ದೆಯ ನಾಲ್ಕನೇ ಕಲಮಿನಲ್ಲೇ ಮುಚ್ಚಿತ್ತು. ಪತ್ರಿಕೆಗೆ ಬರೆದರೆ ಸುಳ್ಳುಗಾರರು. ಸಮಿತಿಗೆ ಹೇಳಿದರೆ ಕೇಳಿಸಿಕೊಳ್ಳೋದು ಯಾರು? ಅದೇ ರ್‍ಯಾಂಡ್. ಇದು ಸೈನ್ಯ ಕೆಟ್ಟದ್ದೋ ಒಳ್ಳೆಯದೋ ಅನ್ನೋ ಪ್ರಶ್ನೆಯೇ ಅಲ್ಲ ಅಂತ ನನಗನಿಸುತ್ತೆ. ಯುದ್ಧದಲ್ಲಿ ಸೈನಿಕನ ತಪ್ಪಿಗೆ ಕೋರ್ಟ್ ಮಾರ್ಷಲ್ ಇದೆ, ಊರಲ್ಲಿ ಪೊಲೀಸಿನ ತಪ್ಪಿಗೆ ಮ್ಯಾಜಿಸ್ಟ್ರೇಟ್ ಇದ್ದಾನೆ. ನಾಗರಿಕ ಅಧಿಕಾರಿಯ ಕೈಕೆಳಗೆ ನಾಗರಿಕರ ಮನೆಯೊಳಗೆ ಇರೋ ಸೈನಿಕನಿಗೆ ಇವೆರಡೂ ಇಲ್ಲದೆ ಹೋಯ್ತು. ಇಬ್ಬರ ನಡುವಿನ ಸಹಕಾರ ಅಂತ ಕರೆದದ್ದು ಇಬ್ಬರೂ ಜವಾಬ್ದಾರಿ ಹೊರದ ಜಾಗ ಆಗಿಬಿಟ್ಟಿತು.

ಬಾಳ ಗಂಗಾಧರ ತಿಲಕರ ವಿಷಯ ಹೇಳಲೇಬೇಕು. ಅವರು ಊರು ಬಿಟ್ಟು ಓಡಲಿಲ್ಲ. ಓಡಿಹೋದ ಮುಖಂಡರನ್ನ ತಮ್ಮ 'ಕೇಸರಿ'ಯಲ್ಲಿ ಬೈದರು. ಮೊದಮೊದಲು ಪ್ಲೇಗ್ ಕ್ರಮಗಳು ಬೇಕು ಅಂತಲೇ ಬರೆದರು, ಹಿಂದೂಗಳಿಗಾಗಿ ಆಸ್ಪತ್ರೆ ತೆರೆಯೋದರಲ್ಲಿ ದುಡಿದರು. ಅಂಥ ಮನುಷ್ಯ ಮೇ ಹೊತ್ತಿಗೆ ಸಮಿತಿಯ ವಿರುದ್ಧ ಕಟುವಾಗಿ ಬರೆಯೋ ಹಾಗಾಯ್ತು. ಒಂದು ಆಡಳಿತಕ್ಕೆ ಊರಲ್ಲಿ ಸಿಗಬಹುದಾಗಿದ್ದ ಅತ್ಯಂತ ಪ್ರಭಾವಿ ಸಹಾಯಕನನ್ನ ಎರಡೇ ತಿಂಗಳಲ್ಲಿ ಎದುರಾಳಿ ಮಾಡಿಕೊಂಡ ಸಾಧನೆ ರ್‍ಯಾಂಡ್‌ನದು.

ಮೇ ಕೊನೆಗೆ ರೋಗ ಇಳಿಯಿತು, ಸಮಿತಿ ತಾನು ಗೆದ್ದೆ ಅಂದುಕೊಂಡಿತು. ಜೂನ್ 22, 1897. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷದ ಸಂಭ್ರಮ. ಗಣೇಶಖಿಂಡಿನ ಗವರ್ನರ್ ಬಂಗಲೆಯಲ್ಲಿ, ಅಂದ್ರೆ ಇವತ್ತಿನ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡದಲ್ಲಿ, ಔತಣ. ರಾತ್ರಿ ವಾಪಸ್ ಹೊರಟ ಗಾಡಿಗಳ ಸಾಲಿನಲ್ಲಿ ರ್‍ಯಾಂಡ್ ಬರೋದನ್ನ ತಿಳಿಸೋಕೆ "ಗೋಂದ್ಯಾ ಆಲಾ ರೇ" ಅನ್ನೋ ಸಂಕೇತ. ದಾಮೋದರ ಚಾಪೇಕರ್ ರ್‍ಯಾಂಡ್‌ಗೆ ಗುಂಡು ಹೊಡೆದ, ತಮ್ಮ ಬಾಳಕೃಷ್ಣ ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಆಯರ್ಸ್ಟ್‌ಗೆ ಹೊಡೆದ. ಆಯರ್ಸ್ಟ್ ಅಲ್ಲೇ ಸತ್ತ, ರ್‍ಯಾಂಡ್ ಜುಲೈ 3ಕ್ಕೆ. ದಾಮೋದರನನ್ನ 1898ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಿದರು. 1899ರ ಮೇ ತಿಂಗಳಲ್ಲಿ ವಾಸುದೇವ, ಗೆಳೆಯ ಮಹಾದೇವ ರಾನಡೆ, ಬಾಳಕೃಷ್ಣ. ಒಂದೇ ಮನೆಯ ಮೂರು ಮಕ್ಕಳು. ತಿಲಕರಿಗೆ ರಾಜದ್ರೋಹದ ಆರೋಪದಲ್ಲಿ 18 ತಿಂಗಳ ಜೈಲು. ಮರಾಠಿಯಲ್ಲಿ '22 ಜೂನ್ 1897' ಅಂತಲೇ ಒಂದು ಒಳ್ಳೆ ಸಿನಿಮಾ ಇದೆ, ಮರಾಠಿ ಅರ್ಧಂಬರ್ಧ ಬಂದರೂ ನೋಡಿ.

ಇಷ್ಟೆಲ್ಲ ಆಗಿಯೂ ಪ್ಲೇಗು ಹೋಯ್ತಾ? ಇಲ್ಲ. ಅದೇ ವರ್ಷ ಮತ್ತೆ ಪುಣೆಗೆ ಬಂತು, ಮೊದಲಿಗಿಂತ ಜೋರಾಗಿ. ಮುಂದಿನ ಎರಡು ಮೂರು ದಶಕದಲ್ಲಿ ಭಾರತದಲ್ಲಿ ಪ್ಲೇಗಿಗೆ ಸತ್ತವರು ಒಂದು ಕೋಟಿಗೂ ಹೆಚ್ಚು. ಕಾರಣ ಸಿಕ್ಕಿದ್ದು 1898ರ ಜೂನ್‌ನಲ್ಲಿ, ಕರಾಚಿಯಲ್ಲಿ. ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಪ್ಲೇಗನ್ನ ಹರಡೋದು ಇಲಿಯ ಮೈಮೇಲಿನ ಚಿಗಟ ಅಂತ ತೋರಿಸಿದ. ಅದನ್ನೂ ಬಹಳ ವರ್ಷ ಯಾರೂ ನಂಬಲಿಲ್ಲ, ಆ ಮಾತು ಬೇರೆ. ಅಂದ್ರೆ ಪುಣೆಯಲ್ಲಿ 893 ಜನ ಮನುಷ್ಯರನ್ನ ಹುಡುಕ್ತಾ ಇದ್ದಾಗ ಚಿಗಟ ಇಲಿ ಮೇಲೆ ಕೂತು ಆರಾಮಾಗಿ ಪಕ್ಕದ ಮನೆಗೆ ಹೋಗ್ತಾ ಇತ್ತು. ನೆಲ ಅಗೆದು ಚರಂಡಿಗೆ ಔಷಧಿ ಸುರಿದರೆ ಇಲಿ ಓಡಿ ಹೋಗೋದು ಎಲ್ಲಿಗೆ? ರೋಗ ಇಲ್ಲದ ಮನೆಗೆ. ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಹೇಳ್ತಿದ್ದರಲ್ಲ, ಇಲಿ ಬಿದ್ದರೆ ಮನೆ ಬಿಡಬೇಕು, ಊರಾಚೆ ಗುಡಿಸಲು ಹಾಕ್ಕೋಬೇಕು ಅಂತ. ಸೂಕ್ಷ್ಮದರ್ಶಕ ಇಲ್ಲದ ಆ ತಿಳಿವಳಿಕೆ ಸಮಿತಿಯ ಸುಣ್ಣಕ್ಕಿಂತ ಹೆಚ್ಚು ಜೀವ ಉಳಿಸಿತು.

ಈಗ ಪುಣೆಯ ಇನ್ನೊಂದು ತುದಿಗೆ, ಹಡಪ್‌ಸರ್ ಮುಂಢವಾ ಕಡೆಗೆ. ಮಗರಪಟ್ಟಾದಲ್ಲಿ ಆಫೀಸಿರೋರು ಕೇಳಿ, ಇದು ನಿಮ್ಮ ಪಕ್ಕದ ಕಥೆ. ಜ್ಯೋತಿಬಾ ಫುಲೆ ಆಗ ಇರಲಿಲ್ಲ, 1890ರಲ್ಲಿ ತೀರಿಕೊಂಡಿದ್ದರು. ಸಾವಿತ್ರಿಬಾಯಿ ಇದ್ದರು, 66 ವರ್ಷ. ಅವರ ದತ್ತುಮಗ ಯಶವಂತ ವೈದ್ಯ, ಸೈನ್ಯದ ವೈದ್ಯಕೀಯ ಸೇವೆಯಲ್ಲಿದ್ದವರು. ಪ್ಲೇಗು ಬಂದಾಗ ರಜೆ ಮೇಲೆ ಬಂದು, ಹಡಪ್‌ಸರ್ ಹತ್ತಿರದ ಸಾಸಣೆ ಮಳಾ ಅನ್ನೋ ತೆರೆದ ಜಾಗದಲ್ಲಿ ರೋಗಿಗಳಿಗೆ ಆರೈಕೆಯ ವ್ಯವಸ್ಥೆ ಮಾಡಿದರು. ಮುಂಢವಾದ ದಲಿತ ಕೇರಿಯಲ್ಲಿ ಪಾಂಡುರಂಗ ಬಾಬಾಜಿ ಗಾಯಕವಾಡ್ ಎಂಬ ಹುಡುಗನಿಗೆ ಪ್ಲೇಗು ಬಂದಿದೆ ಅಂತ ತಿಳಿದು ಸಾವಿತ್ರಿಬಾಯಿ ಅವನನ್ನ ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಬದುಕಿದ. ಅವರಿಗೆ ರೋಗ ತಗುಲಿತು, ಮಾರ್ಚ್ 10ಕ್ಕೆ ತೀರಿಕೊಂಡರು.

ಮಾರ್ಚ್ 10. ರ್‍ಯಾಂಡ್‌ನ ತಂಡಗಳು ಮನೆಗೆ ನುಗ್ಗೋಕೆ ಶುರು ಮಾಡಿದ್ದು ಮಾರ್ಚ್ 13. ಮೂರೇ ದಿನದ ಅಂತರ. ಎರಡೂ ಕಡೆ ಸೈನ್ಯದಲ್ಲಿ ಪಳಗಿದ ವೈದ್ಯರಿದ್ದಾರೆ, ಒಂದು ಕಡೆ ಬೆವೆರಿಡ್ಜ್, ಇನ್ನೊಂದು ಕಡೆ ಯಶವಂತ. ಎರಡೂ ಕಡೆ ರೋಗಿಯನ್ನ ಮನೆಯಿಂದ ಹೊರಗೆ ತಂದು ಊರಾಚೆ ಇಡೋದೇ ಕೆಲಸ. ವೈದ್ಯಕೀಯವಾಗಿ ನೋಡಿದರೆ ದೊಡ್ಡ ವ್ಯತ್ಯಾಸ ಇಲ್ಲ. ಮುಂಢವಾದ ಆ ಮನೆಯವರು ಸಾವಿತ್ರಿಬಾಯಿಗೆ ಮಗುವನ್ನ ಕೊಟ್ಟರು, ಸದಾಶಿವ ಪೇಠೆಯ ಮನೆಯವರು ಮಗುವನ್ನ ಬೀರುವಿನೊಳಗೆ ಅಡಗಿಸಿಟ್ಟು ಬಾಗಿಲಿಗೆ ಅಡ್ಡ ನಿಲ್ಲುವ ಸ್ಥಿತಿಗೆ ಬಂದಿದ್ದರು.

ನಮ್ಮ ಕಡೆಗೆ ಬರೋಣ. ಪ್ಲೇಗು ರೈಲು ಹಿಡಿದು ದಕ್ಷಿಣಕ್ಕೆ ಬಂತು, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ. ಇಲ್ಲಿ ತೊಡಕು ಬೇರೆ ಥರದ್ದು. ಪೇಟೆ ಮೈಸೂರು ದರ್ಬಾರಿನದು, ದಂಡು ಅಂದ್ರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷ್ ರೆಸಿಡೆಂಟರದು. ನಡುವೆ ಕಬ್ಬನ್ ಪಾರ್ಕು. ಇಲಿಗೆ ಈ ಗಡಿ ಗೊತ್ತಿಲ್ಲ. ಮಾಹಿತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಲ್ಲ, ಅದಕ್ಕೆ ಪ್ಲೇಗ್ ಕೆಲಸದ ಸಮನ್ವಯಕ್ಕೆ ಅಂತಲೇ ಬೆಂಗಳೂರಲ್ಲಿ ಟೆಲಿಫೋನ್ ತಂತಿ ಎಳೆದರು. ಐಟಿ ರಾಜಧಾನಿಯ ಮೊದಲ ಟೆಲಿಫೋನುಗಳು ಬಂದದ್ದು ಒಂದು ಮಹಾಮಾರಿಯ ಕಾರಣಕ್ಕೆ ಅನ್ನೋದು ನನಗೆ ಈಗಲೂ ಬೆರಗು. ಅದೇ ವರ್ಷ ನಗರಕ್ಕೆ ಆರೋಗ್ಯಾಧಿಕಾರಿಯನ್ನ ನೇಮಿಸಿದರು. ಮೈಸೂರು ಸಂಸ್ಥಾನದ ಪ್ಲೇಗ್ ಕಮಿಷನರ್ ಆಗಿದ್ದವರು ವಿ.ಪಿ. ಮಾಧವರಾವ್, ಮುಂದೆ ದಿವಾನರಾದವರು. ಬಸವನಗುಡಿ, ಮಲ್ಲೇಶ್ವರ ಅಷ್ಟು ಅಗಲ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇಟ್ಟುಕೊಂಡು ತುಂಬಿದ್ದು ಈ ಪ್ಲೇಗಿನ ನಂತರವೇ. ಆಮೇಲೆ ದಂಡಿನ ಕಡೆ ಫ್ರೇಜರ್ ಟೌನ್ ಬಂತು. ಪ್ಲೇಗ್ ಮಾರಿಯಮ್ಮನ ಗುಡಿಗಳೂ ಬಂದವು, ಅವು ಈಗಲೂ ಇವೆ.

ಹುಬ್ಬಳ್ಳಿಯ ಕಥೆ ಇನ್ನೂ ಕಡಿಮೆ ಜನಕ್ಕೆ ಗೊತ್ತು. 1897ರ ಜನವರಿ 10ಕ್ಕೆ ಹಾಫ್‌ಕಿನ್ ಮುಂಬೈನಲ್ಲಿ ತನ್ನ ಪ್ಲೇಗ್ ಲಸಿಕೆಯನ್ನ ತನಗೇ ಚುಚ್ಚಿಕೊಂಡಿದ್ದ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಅಲ್ಲಿ ಕೆಲಸಕ್ಕಿದ್ದದ್ದು ಇಂಡಿಯನ್ ಮೆಡಿಕಲ್ ಸರ್ವೀಸಿನ ಕ್ಯಾಪ್ಟನ್ ಲಾಯ್ಮನ್. ಈ ಐಎಂಎಸ್ ಅನ್ನೋದು ಮೂಲತಃ ಸೈನ್ಯದ ಸೇವೆ, ಶಾಂತಿಕಾಲದಲ್ಲಿ ವೈದ್ಯರನ್ನ ನಾಗರಿಕ ಕೆಲಸಕ್ಕೆ ಎರವಲು ಕೊಡ್ತಿದ್ದರು. ಪದವಿ ಸೈನ್ಯದ್ದೇ, ಆದರೆ ಈ ಕ್ಯಾಪ್ಟನ್ ಕೈಯಲ್ಲಿ ಬಂದೂಕಿನ ಬದಲು ಸೂಜಿ ಇತ್ತು. ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಲಸಿಕೆ ಹಾಕಿಸಿಕೊಂಡರು. ಇಡೀ ಭಾರತದಲ್ಲಿ ಪ್ಲೇಗ್ ಲಸಿಕೆಯ ಉಪಯೋಗಕ್ಕೆ ಉದಾಹರಣೆಯಾಗಿ ಹುಬ್ಬಳ್ಳಿಯನ್ನೇ ತೋರಿಸ್ತಿದ್ದರು. ಅಲ್ಲೂ ಒತ್ತಡ ಇರಲಿಲ್ಲ ಅಂತಲ್ಲ. ಆದರೆ ಪುಣೆಯ ಗುಂಡಿನ ಸದ್ದು ಕೇಳಿದ ಮೇಲೆ ಸರ್ಕಾರವೂ ನಿಧಾನಕ್ಕೆ ಮೆತ್ತಗಾಗಿತ್ತು. ಸೈನಿಕರ ಮನೆಶೋಧ ಕೈಬಿಟ್ಟು, ಊರು ಖಾಲಿ ಮಾಡಿಸೋದು, ಒಪ್ಪಿದವರಿಗೆ ಲಸಿಕೆ ಹಾಕೋದು, ಇತ್ತ ನೀತಿ ತಿರುಗಿತು.

ಮುಂದೆ 1918ರ ಇನ್‌ಫ್ಲುಯೆಂಜಾದಲ್ಲಿ ಉಲ್ಟಾ ಪಾಠ. ಅಷ್ಟೊತ್ತಿಗೆ ಮೊದಲ ಮಹಾಯುದ್ಧ. ಐಎಂಎಸ್ ವೈದ್ಯರಲ್ಲಿ ಬಹಳ ಜನ ರಣರಂಗದಲ್ಲಿ. ಎರವಲು ಕೊಟ್ಟವರು ವಾಪಸ್ ಕರೆಸಿಕೊಂಡಿದ್ದರು, ಜಿಲ್ಲೆಗಳಲ್ಲಿ ಡಾಕ್ಟರೇ ಇಲ್ಲ. ಸೈನ್ಯದ ಮೇಲೆ ಕಟ್ಟಿದ ನಾಗರಿಕ ಆರೋಗ್ಯ ವ್ಯವಸ್ಥೆಗೆ ಸೈನ್ಯವೇ ಬೇರೆ ಕಡೆ ಹೋದರೆ ಏನು ಗತಿ ಅಂತ ಆಗ ಗೊತ್ತಾಯ್ತು.

ಕೋವಿಡ್ ಕಾಲದ ಸೈನ್ಯವನ್ನ ಈ ಹಿನ್ನೆಲೆಯಲ್ಲಿ ನೋಡಿ. 2020ರ ಫೆಬ್ರವರಿ 1ಕ್ಕೆ ವುಹಾನ್‌ನಿಂದ ಮೊದಲ ವಿಮಾನದಲ್ಲಿ 324 ಜನ ಬಂದಾಗ ಮಾನೇಸರ್‌ನಲ್ಲಿ ಸೈನ್ಯದ ಕ್ವಾರಂಟೈನ್ ಕೇಂದ್ರ ತಯಾರಿತ್ತು. ಜುಲೈನಲ್ಲಿ ದೆಹಲಿ ಕಂಟೋನ್ಮೆಂಟ್‌ನಲ್ಲಿ ಡಿಆರ್‌ಡಿಒ 12 ದಿನದಲ್ಲಿ 1,000 ಹಾಸಿಗೆಯ ಆಸ್ಪತ್ರೆ ಎಬ್ಬಿಸಿತು, ನಡೆಸಿದ್ದು ಸೈನ್ಯದ ವೈದ್ಯರು. 2021ರ ಏಪ್ರಿಲ್‌ನಲ್ಲಿ ನಮ್ಮ ಲೋಹಗಾಂವ್ ವಾಯುನೆಲೆಯಿಂದ ಸಿ-17 ವಿಮಾನ ಖಾಲಿ ಆಕ್ಸಿಜನ್ ಟ್ಯಾಂಕರ್ ಹೊತ್ತು ಜಾಮ್‌ನಗರಕ್ಕೆ ಹಾರಿತು. ಖಾಲಿ ಯಾಕೆ? ತುಂಬಿದ ದ್ರವ ಆಮ್ಲಜನಕದ ಟ್ಯಾಂಕರನ್ನ ವಿಮಾನದಲ್ಲಿ ಒಯ್ಯೋದು ಅಪಾಯ. ಹೋಗೋದು ಆಕಾಶದಲ್ಲಿ, ಬರೋದು ರಸ್ತೆ ಅಥವಾ ರೈಲಲ್ಲಿ. ಒಂದು ದಿಕ್ಕಿನ ಸಮಯ ಉಳಿಯಿತಲ್ಲ, ಅದೇ ಲಾಭ. ಮೇ ಮೊದಲ ವಾರ ಐಎನ್‌ಎಸ್ ತಲ್ವಾರ್ ಬಹರೈನ್‌ನಿಂದ ಎರಡು ಕಂಟೇನರ್ ದ್ರವ ಆಮ್ಲಜನಕ ತಂದು ಮಂಗಳೂರು ಬಂದರಿನಲ್ಲಿ ಇಳಿಸಿತು. ಇವೆಲ್ಲ ಸೈನ್ಯಕ್ಕೆ ಒಗ್ಗಿದ ಕೆಲಸ: ಸಾಗಣೆ, ಕಟ್ಟೋಣ, ಆಸ್ಪತ್ರೆ. ಗಮನಿಸಿದಿರಾ, ಇದರಲ್ಲಿ ಒಂದೂ ಯಾರ ಮನೆ ಹೊಸ್ತಿಲನ್ನೂ ದಾಟೋ ಕೆಲಸ ಅಲ್ಲ. ಹೊಸ್ತಿಲ ಹತ್ತಿರ ನಿಂತದ್ದು ಆಶಾ ಕಾರ್ಯಕರ್ತೆಯರು, ನಮ್ಮ ಓಣಿಯ ಹೆಂಗಸರು, ಕೈಗೆ ಸರಿಯಾದ ಮಾಸ್ಕೂ ಇಲ್ಲದೆ. 2020ರ ಮೇ 3ಕ್ಕೆ ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂ ಸುರಿದರು. ಚೆಂದವಿತ್ತು. ಆ ಹೂ ಬಿದ್ದದ್ದು ಅವರ ತಲೆ ಮೇಲಂತೂ ಅಲ್ಲ.

ನಮ್ಮ ಸೊಸೈಟಿಯಲ್ಲಿ ಬೈಲಹೊಂಗಲ ಕಡೆಯ ನಿವೃತ್ತ ಸುಬೇದಾರರೊಬ್ಬರು ಇದ್ದಾರೆ. ಎರಡನೇ ಅಲೆಯಲ್ಲಿ ಕಮಿಟಿಯವರು ಪ್ರತಿ ಫ್ಲಾಟಿಗೆ ಹೋಗಿ ಜ್ವರ ನೋಡೋಣ, ಪಾಸಿಟಿವ್ ಇದ್ದವರ ಬಾಗಿಲಿಗೆ ಕೆಂಪು ಚೀಟಿ ಹಚ್ಚೋಣ ಅಂತ ಹೊರಟರು, ಮಿಲಿಟರಿ ಮನುಷ್ಯ ಅಂತ ಇವರನ್ನ ಮುಂದೆ ಬಿಟ್ಟರು. ಇವರು ಒಪ್ಪಲಿಲ್ಲ. "ಒಳಗ ಹೋಗಬ್ಯಾಡ್ರಿ, ಬಾಗಲಾಗ ನಿಂತು ಏನು ಬೇಕಂತ ಕೇಳ್ರಿ, ತಾವ ಹೇಳ್ತಾರ," ಅಂದರು. ಒಂದು ರಿಜಿಸ್ಟರ್ ಮಾಡಿದರು: ಯಾರು ಒಬ್ಬರೇ ಇದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಆಕ್ಸಿಮೀಟರ್ ಇದೆ, ರಾತ್ರಿ ಗಾಡಿ ಓಡಿಸೋಕೆ ಯಾರು ತಯಾರು. ಎರಡು ದಿನದಲ್ಲಿ ಎಲ್ಲಾ ಫ್ಲಾಟಿನವರೂ ತಾವಾಗೇ ಕೆಳಗೆ ಬಂದೋ ಇಂಟರ್‌ಕಾಮ್ ಮಾಡಿಯೋ ಹೇಳಿದರು. ಇವರಿಗೆ ರ್‍ಯಾಂಡ್ ಯಾರು ಅಂತ ಗೊತ್ತಿರಲಿಲ್ಲ, ನಾನೇ ಆಮೇಲೆ ಹೇಳಿದ್ದು.

1897ರ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಆರೋಗ್ಯ ಕಾರ್ಯಕರ್ತರ ಮೇಲೆ ಹಲ್ಲೆ ಮಾಡಿದರೆ ಕಠಿಣ ಶಿಕ್ಷೆ ಅಂತ ಸೇರಿಸಿದರು, ಸೇರಿಸಬೇಕಾದದ್ದೇ. ಬಾಗಿಲ ಈಚೆ ಇರೋ ರೋಗಿಗೆ, ಶಿಬಿರಕ್ಕೆ ಒಯ್ದವರಿಗೆ ಏನು ಹಕ್ಕಿದೆ ಅಂತ ಅದರಲ್ಲಿ ಒಂದು ಸಾಲೂ ಬರಲಿಲ್ಲ. ನಾಲ್ಕನೇ ಕಲಮು ಹಾಗೇ ಕೂತಿದೆ.

ಮುಂದಿನ ಸಲ ಹುಬ್ಬಳ್ಳಿಯ ಲಸಿಕೆ ಕಥೆಯನ್ನೇ ಪೂರ್ತಿ ಮಾಡೋಣ ಅಂತಿದ್ದೀನಿ. ಧಾರವಾಡ, ಗದಗ, ಹುಬ್ಬಳ್ಳಿ ಕಡೆಯವರು ನಿಮ್ಮ ಮನೆಯ ಹಿರಿಯರ ಹತ್ತಿರ ಪ್ಲೇಗಿನ ಗುಡಿಸಲಿನ ಬಗ್ಗೆ ಕೇಳಿ, ಯಾವ ಹೊಲದಲ್ಲಿ ಹಾಕಿದ್ದರು, ಎಷ್ಟು ದಿನ ಇದ್ದರು, ಯಾರು ವಾಪಸ್ ಬರಲಿಲ್ಲ. ಕೇಳಿದ್ದನ್ನ ಬರೆದು ಕಳಿಸಿ.